ಹುಣಸೆ ಬೀಜದ ಚೌಕ

"ಗುರುಗಳೇ, ಲಿನಕ್ಸ್ ಮೇಲೆ ಆಡಿ ಗೆದ್ದ ಆಟ ನಿಜವಾದ ಆಟವೇ?" ಎಂದು ನಂಜೇಶ ಕೇಳಿದ.

ಗುರುಗಳು ಅವನಿಗೆ ಕಂಪ್ಯೂಟರ್ ಕಲಿಸಿದವರು. ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ತಿದ್ದಬಹುದಾದ ಲಿನಕ್ಸನ್ನು ವಿಂಡೋಸ್ ಬದಲಿಗೆ ಅವನ ಯಂತ್ರಕ್ಕೆ ಹಾಕಿಕೊಟ್ಟವರೂ ಅವರೇ. "ಈ ಸಂದೇಹ ಎಲ್ಲಿಂದ ಬಂತಪ್ಪ?" ಎಂದರು.

"ಗೆಳೆಯನಿಂದ. ನಾವಿಬ್ಬರೂ ಕಾರ್ ರೇಸ್ ಆಡುತ್ತೇವೆ, ಅವನು ಅವನ ಮನೆಯಿಂದ, ನಾನು ನನ್ನ ಮನೆಯಿಂದ. ಆಟ ವಿಂಡೋಸ್‌ಗೆಂದು ಮಾಡಿದ್ದು. ನನ್ನ ಯಂತ್ರದಲ್ಲಿ ನಡುವೆ ಒಂದು ತಂತ್ರಾಂಶ ಕೂತು, ಆಟ ಕೇಳಿದ್ದನ್ನೆಲ್ಲ ಲಿನಕ್ಸ್‌ಗೆ ತಿಳಿಯುವಂತೆ ಹೇಳಿ ಮಾಡಿಸಿಕೊಡುತ್ತದೆ. ಮೂರು ತಿಂಗಳು ಬರೀ ಸೋತೆ. ನಿನ್ನೆ ಮೊದಲ ಸಲ ಗೆದ್ದೆ. 'ನಿನ್ನದು ಅಸಲಿ ಅಲ್ಲ ಕಣೋ, ಈ ಗೆಲುವು ಲೆಕ್ಕಕ್ಕಿಲ್ಲ' ಅಂದುಬಿಟ್ಟ. ಇವತ್ತೇ ಲಿನಕ್ಸನ್ನು ಅಳಿಸಿಬಿಡೋಣ ಅಂತ ಬಂದೆ."

"ಅಳಿಸುವುದಕ್ಕೇನು, ಗಳಿಗೆಯ ಕೆಲಸ. ಕೂತುಕೋ, ಮೊದಲು ಒಂದು ಕತೆ ಕೇಳು" ಎಂದು ಗುರುಗಳು ಕಾಲು ಮಡಿಚಿ ಕೂತರು.

"ಚೌಕಾಬಾರ ಗೊತ್ತಲ್ಲ? ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೋ ಕಾಯಿ ಅಷ್ಟು ಮನೆ ನಡೆಯುತ್ತದೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಎಂಟು, ಎರಡಕ್ಕೂ ಇನ್ನೊಮ್ಮೆ ಹಾಕಬಹುದು. ನಡುಮನೆ ಸೇರಿದ ಕಾಯಿ ಹಣ್ಣಾಯಿತು. ಎಲ್ಲವನ್ನೂ ಮೊದಲು ಹಣ್ಣು ಮಾಡಿದವನು ಗೆದ್ದ. ಇಷ್ಟೇ.

"ಒಂದು ಊರಿನ ಕಟ್ಟೆಯ ಕಲ್ಲಿನ ಮೇಲೆ ಚೌಕಾಬಾರದ ಮನೆಗಳನ್ನು ಕೊರೆದಿತ್ತು. ಕೊರೆದವರು ಯಾರೋ ಗೊತ್ತಿಲ್ಲ, ಆದ್ದರಿಂದ ಅದು ಎಲ್ಲರದೂ ಆಗಿತ್ತು. ಕವಡೆ ಮಾತ್ರ ಒಬ್ಬ ವರ್ತಕನದು. ಸಮುದ್ರಕ್ಕೆ ಬಹಳ ದೂರದ ಊರು. ಬೇರೆ ಯಾರ ಮನೆಯಲ್ಲೂ ಕವಡೆಯಿಲ್ಲ. ವರ್ತಕ ಬಂದರೆ ಆಟ, ಎದ್ದರೆ ಇಲ್ಲ. ಸೋಲು ಹತ್ತಿರ ಬಂದಾಗಲೆಲ್ಲ ಅವನಿಗೆ ಅಂಗಡಿಯ ನೆನಪಾಗುತ್ತಿತ್ತು. ಕವಡೆಗಳನ್ನು ಬಾಚಿಕೊಂಡು ನಡೆದುಬಿಡುತ್ತಿದ್ದ. ಹೀಗಾಗಿ ಆ ಊರಿನಲ್ಲಿ ಅವನು ಸೋತವನೇ ಅಲ್ಲ.

"ಅವನ ಎದುರು ಆಡುವವನು ಒಬ್ಬ ಕುಂಬಾರ. ಒಮ್ಮೆಯಾದರೂ ಗೆಲ್ಲಬೇಕೆಂಬ ಆಸೆ ಅವನದು. ಒಂದು ದಿನ ಅವನ ಮೂರು ಕಾಯಿ ಹಣ್ಣಾದವು. ಕೊನೆಯದಕ್ಕೆ ಎರಡೇ ಮನೆ ಬಾಕಿ. ಹಾಕುವ ಸರದಿ ವರ್ತಕನದು. ವರ್ತಕ ಎದ್ದ.

"ಕುಂಬಾರ, 'ಹೋಗಿ ಬನ್ನಿ ಸಾಹುಕಾರರೇ, ಕಾಯಿಗಳು ಇದ್ದಲ್ಲೇ ಇರಲಿ' ಎಂದ.

"ಮನೆಗೆ ಬಂದು ನಾಲ್ಕು ಹುಣಸೆ ಬೀಜ ಆರಿಸಿ ನೆಲಕ್ಕೆ ಹಾಕಿ ನೋಡಿದ. ಎರಡು ಕಡೆಯೂ ಕಂದು. ಮೇಲು ಯಾವುದು, ಕೆಳಗು ಯಾವುದು? 'ಮಡಕೆ ಬಿಟ್ಟು ಇನ್ನು ಬೀಜ ಸುಡುತ್ತೀರೋ?' ಎಂದಳು ಹೆಂಡತಿ. ಒಂದೊಂದು ಬೀಜದ ಒಂದು ಮೈಯನ್ನು ಕಲ್ಲಿಗೆ ತೇದ. ಸಿಪ್ಪೆ ಹೋಗಿ ಬಿಳುಪು ಕಂಡಿತು. ಹಾಕಿದರೆ ಒಂದು ಬೀಜ ಅಂಚಿನ ಮೇಲೆ ನಿಂತುಬಿಟ್ಟಿತು. ಮತ್ತೆ ತೇದ. ಅದೂ ಚಪ್ಪಟೆಯಾಗಿ ಬಿತ್ತು.

"ಮರುದಿನ ವರ್ತಕ ಕವಡೆ ತರದೆ ಕಟ್ಟೆಗೆ ಬಂದು, ಕುಂಬಾರ ಇಟ್ಟ ಬೀಜ ನೋಡಿ ನಕ್ಕ. 'ಏನಯ್ಯಾ ಇದು, ಆಟವೋ ಹುಳಿ ಸಾರೋ?'

"'ಎಷ್ಟು ಮನೆ ನಡೆಯಬೇಕು, ಕಾಯಿಗೆ ಬೇಕಾದ್ದು ಅಷ್ಟೇ ಸಾಹುಕಾರರೇ. ಹೇಳಿದ್ದು ಕವಡೆಯೋ ಬೀಜವೋ ಅಂತ ಅದು ತಿರುಗಿ ನೋಡುವುದಿಲ್ಲ. ಸರದಿ ನಿಮ್ಮದೇ, ಹಾಕಿ.'

"ಸುತ್ತ ಜನ ನಿಂತಿದ್ದರು. ವರ್ತಕ ಹಾಕಿದ. ನಾಲ್ಕೂ ಬಿಳುಪು. 'ಚೌಕ' ಎಂದು ತೊಡೆ ತಟ್ಟಿ ನಾಲ್ಕು ಮನೆ ನಡೆಸಿದ. ಇನ್ನೊಮ್ಮೆ ಹಾಕಿದ, ಮೂರು ಬಿತ್ತು, ಮೂರು ಮನೆ ನಡೆಸಿದ. ಆಮೇಲೆ ಕುಂಬಾರ ಹಾಕಿದ. ಎರಡು ಬಿಳುಪು, ಎರಡು ಕಂದು. ಅವನ ಕೊನೆಯ ಕಾಯಿ ಹಣ್ಣಾಯಿತು.

"ವರ್ತಕ ಎದ್ದು ನಿಂತ. 'ಹುಣಸೆ ಬೀಜದ ಆಟವೂ ಒಂದು ಆಟವೇ? ಇದು ಲೆಕ್ಕಕ್ಕಿಲ್ಲ' ಎಂದ. ಅಭ್ಯಾಸದಂತೆ ಕೈ ಕಲ್ಲಿನ ಕಡೆ ಹೋಯಿತು. ಬಾಚಿಕೊಂಡು ಹೋಗಲು ಅವನದೇನೂ ಅಲ್ಲಿರಲಿಲ್ಲ."

ನಂಜೇಶ ಜೋರಾಗಿ ನಕ್ಕ. "ಒಳ್ಳೆಯ ಸಾಹುಕಾರ ಗುರುಗಳೇ. ಚೌಕ ಬಿದ್ದಾಗ ತೊಡೆ ತಟ್ಟಿದವನು ಅವನೇ ಅಲ್ಲವೇ? ಆಗ ಅದು ಹುಣಸೆ ಬೀಜ ಅಂತ ಕಾಣಲಿಲ್ಲವೇ ಅವನಿಗೆ?"

ಗುರುಗಳು ಅವನ ನಗು ಮುಗಿಯುವವರೆಗೆ ಕಾದು ಹೇಳಿದರು: "ಮೂರು ತಿಂಗಳು ಗೆದ್ದನಲ್ಲ ನಿನ್ನ ಗೆಳೆಯ, ಆಗ ನಿನ್ನ ಯಂತ್ರದ ಜಾತಿ ಕೇಳಿದ್ದನೇ?"