ಕೆರೆಗೆ ಪ್ರಾಸ ಕೇಳಿದ ಶಾಸ್ತ್ರಿಗಳು

“ಕೂಸು ಅತ್ತರೆ ಸಾಕು, ಅದು ಯಾವ ವೃತ್ತದಲ್ಲಿ ಅಳುತ್ತಿದೆ ಅಂತ ಹೇಳಬಲ್ಲೆ!”

ಬಿಳಿಗೋಟೆಯ ಸಭೆಗೆ ಕಾಲಿಟ್ಟ ದಿನವೇ ಅಹೋಬಲ ಶಾಸ್ತ್ರಿಗಳು ಹೀಗೆ ಗುಡುಗಿದರು. ಛಂದಸ್ಸಿನಲ್ಲಿ ತಮಗೆ ಸಮಾನರಿಲ್ಲ ಎಂದು ತಾವೇ ತೀರ್ಮಾನಿಸಿಕೊಂಡಿದ್ದ ಪಂಡಿತರು.

“ಆದರೆ ಪ್ರಭು, ನಿಮ್ಮ ಜನ ಮಾತಾಡುವುದು ಕೇಳಿದರೆ ಗಾಡಿಯಿಂದ ಜಲ್ಲಿ ಸುರಿದ ಹಾಗಿದೆ. ಲಘು ಯಾವುದು, ಗುರು ಯಾವುದು, ಒಂದೂ ಗೊತ್ತಿಲ್ಲ!”

ದೊರೆ ಬೈಚರಸನಿಗೆ ನಾಚಿಕೆಯಾಯಿತು. ಹೊಸದೇನು ಕಂಡರೂ ಹುಚ್ಚು ಹಿಡಿಸಿಕೊಳ್ಳುವ ದೊರೆ ಅವನು. ಹೋದ ವರ್ಷ ಪಾರಿವಾಳ, ಈ ವರ್ಷ ಛಂದಸ್ಸು. ಶಾಸ್ತ್ರಿಗಳಿಗೆ ಆಸ್ಥಾನ ಪಂಡಿತ ಪದವಿ ಕೊಟ್ಟ. ಅವರು ಕಿವಿಯಲ್ಲಿ ಹೇಳಿದಂತೆ ಒಂದು ಅಪ್ಪಣೆಯನ್ನೂ ಹೊರಡಿಸಿದ: “ಇಂದಿನಿಂದ ಈ ಸಭೆಯಲ್ಲಿ ಯಾರೇ ಮಾತಾಡಿದರೂ ಪದ್ಯದಲ್ಲೇ ಆಡಬೇಕು. ಎರಡು ಸಾಲಾದರೂ ಇರಬೇಕು. ಮಾತ್ರೆ ತಪ್ಪಿದರೆ, ಪ್ರಾಸ ಕೆಟ್ಟರೆ, ಆ ಮಾತು ಆಡಿದ ಹಾಗೇ ಅಲ್ಲ.” ಶಾಸ್ತ್ರದ ಸಂದೇಹ ಕೇಳುವವರಿಗೆ, ಬಿಡಿಸುವವರಿಗೆ ಮಾತ್ರ ಗದ್ಯದ ವಿನಾಯಿತಿ.

ಮೊದಲ ದಿನ ಅಡುಗೆಯವನು ಬಂದು “ಎಲೆ ಹಾಕಿದೆ” ಅಂದ. ಎರಡನೇ ಸಾಲು ಹೊಳೆಯಲಿಲ್ಲ. ದೊರೆ ತಣ್ಣಗಾದ ಸಾರು ಉಂಡ. ಎರಡನೇ ದಿನ ಸೇನಾಪತಿ ಬಾಯಿ ತೆರೆದ, ಮುಚ್ಚಿದ, ಮನೆಗೆ ಹೋದ.

ಎಲ್ಲರಿಗಿಂತ ಕಷ್ಟವಾದದ್ದು ದೇಪಣ್ಣನಿಗೆ. ಸಭೆಯಲ್ಲಿ ಓಲೆ ಓದುವ ಕೆಲಸ ಅವನದು. ಓಲೆಯಲ್ಲಿ ಇದ್ದದ್ದಕ್ಕಿಂತ ಇಲ್ಲದ್ದನ್ನೇ ಹೆಚ್ಚು ಓದುವ ಮಾತುಗಾರ. ಎರಡು ದಿನ ಸುಮ್ಮನಿದ್ದು ಅವನಿಗೆ ಹೊಟ್ಟೆ ಉಬ್ಬರಿಸಿದಂತಾಗಿತ್ತು.

ಮೂರನೇ ದಿನ ಮಧ್ಯಾಹ್ನ ಮಂಡಿಯವರೆಗೆ ಕೆಸರಾದ ಹೆಂಗಸೊಬ್ಬಳು ಸಭೆಗೆ ನುಗ್ಗಿದಳು. ಊರ ಕೆರೆಯ ನೀರು ನೋಡಿಕೊಳ್ಳುವ ನೀರಗಂಟಿ ಮಾದಣ್ಣನ ಹೆಂಡತಿ ಹೊನ್ನಕ್ಕ.

“ಕೆರೆ ಒಡೆಯುತ್ತಿದೆ ಓಡಿರಿ ಓಡಿರಿ!”

ದೊರೆ ಎದ್ದೇಬಿಟ್ಟ. ಶಾಸ್ತ್ರಿಗಳು ಕೈ ಅಡ್ಡ ಹಿಡಿದರು. ಬೆರಳು ಮಡಿಸಿ ಎಣಿಸಿದರು.

“ಕೆರೆ ಒಡೆ, ಯುತ್ತಿದೆ, ಓಡಿರಿ, ಓಡಿರಿ. ನಾಲ್ಕು ನಾಲ್ಕರಂತೆ ಹದಿನಾರು ಮಾತ್ರೆ. ಸರಿಯಾಗಿದೆ! ಆದರೆ ಇದು ಒಂದೇ ಸಾಲು. ಎರಡನೆಯದು ಎಲ್ಲಿದೆಯಮ್ಮಾ?”

“ಸಾಲೇನು ಸ್ವಾಮಿ? ತೂಬು ಕಟ್ಟಿಕೊಂಡಿದೆ, ಏರಿ ಬಿರಿದಿದೆ. ನನ್ನ ಗಂಡ ಆ ಬಿರುಕಿಗೆ ಬೆನ್ನು ಕೊಟ್ಟು ನಿಂತವ್ನೆ!”

“ಪ್ರಾಸಭಂಗ! ಮೊದಲ ಸಾಲಿನ ಎರಡನೇ ಅಕ್ಷರ ರಕಾರ. ಇಲ್ಲೂ ಅದೇ ಬರಬೇಕು. ಗಂಡ ಅನ್ನುವ ಬದಲು ‘ವರ’ ಅಂತ ಶುರು ಮಾಡಿದ್ದರೆ ಚೆನ್ನಾಗಿ ಕೂರುತ್ತಿತ್ತು.”

“ವರ ಆಗಿದ್ದು ಇಪ್ಪತ್ತು ವರ್ಷದ ಹಿಂದೆ ಸ್ವಾಮಿ! ಈಗ ಗಂಡ! ಕುತ್ತಿಗೆಮಟ್ಟ ನೀರಲ್ಲಿರೋ ಗಂಡ!”

ದೊರೆ ಅತ್ತ ನೋಡಿದ, ಇತ್ತ ನೋಡಿದ. ತನ್ನ ಅಪ್ಪಣೆಯನ್ನು ತಾನೇ ಮುರಿಯುವುದು ಹೇಗೆ? ಮತ್ತೆ ಕೂತ.

ದೇಪಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ನಗುಮುಖ ಮಾಡಿಕೊಂಡು ಮುಂದೆ ಬಂದ.

“ಶಾಸ್ತ್ರಿಗಳೇ, ಶಾಸ್ತ್ರದಲ್ಲಿ ಒಂದು ಸಂದೇಹ. ಛಂದಸ್ಸು ತಪ್ಪಿದ ಮಾತು ಆಡಿದ ಹಾಗೇ ಅಲ್ಲ, ಅಲ್ಲವೇ?”

“ಅಲ್ಲವೇ ಅಲ್ಲ.”

“ದೊಡ್ಡವರು ಆಡಿದರೆ?”

“ಬ್ರಹ್ಮನೇ ಬಂದು ಆಡಲಿ!”

“ಸಿಂಹಾಸನದ ಮೇಲೆ ಕೂತವರು ಆಡಿದರೆ?”

ಶಾಸ್ತ್ರಿಗಳು ದೊರೆಯ ಕಡೆ ಕಣ್ಣು ಹಾಯಿಸಿದರು. ಆದರೆ ಇಡೀ ಸಭೆ ನೋಡುತ್ತಿತ್ತು. “ಶಾಸ್ತ್ರಕ್ಕೆ ಪ್ರಭು ಏನು, ಪ್ರಜೆ ಏನು? ಎಲ್ಲರಿಗೂ ಒಂದೇ!”

“ಹಾಗಾದರೆ ಬದುಕಿದೆವು,” ಎಂದ ದೇಪಣ್ಣ. ಕಂಕುಳಿನಿಂದ ಓಲೆ ತೆಗೆದು ಗಟ್ಟಿಯಾಗಿ ಓದಿದ: “‘ಇಂದಿನಿಂದ ಈ ಸಭೆಯಲ್ಲಿ ಯಾರೇ ಮಾತಾಡಿದರೂ ಪದ್ಯದಲ್ಲೇ ಆಡಬೇಕು.’ ಎಣಿಸಿ ಶಾಸ್ತ್ರಿಗಳೇ. ಗಣ ಎಲ್ಲಿದೆ? ಪ್ರಾಸ ಎಲ್ಲಿದೆ? ಅಪ್ಪಟ ಗದ್ಯ! ಪದ್ಯದಲ್ಲೇ ಮಾತಾಡಿ ಅಂತ ಪ್ರಭುಗಳು ಹೇಳಿದ್ದೇ ಗದ್ಯದಲ್ಲಿ. ಅಂದಮೇಲೆ ಅವರು ಹೇಳಲೇ ಇಲ್ಲ!”

ಸೇನಾಪತಿ ಕೆಮ್ಮಿದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

“ಇನ್ನೊಂದು,” ದೇಪಣ್ಣ ಓಲೆ ತಿರುವಿದ. “ತಮಗೆ ಆಸ್ಥಾನ ಪದವಿ ಕೊಟ್ಟ ಮಾತು. ಅಯ್ಯೋ, ಇದೂ ಗದ್ಯವೇ!”

“ಅನ್ಯಾಯ!” ಶಾಸ್ತ್ರಿಗಳು ಶಲ್ಯ ಜಾರಿದ್ದೂ ತಿಳಿಯದೆ ಕೂಗಿದರು. “ಇದನ್ನು ನಾನು ಒಪ್ಪುವುದಿಲ್ಲ! ಖಂಡಿತಾ ಒಪ್ಪುವುದಿಲ್ಲ!”

ಬೈಚರಸ ಕಿವಿಗೆ ಕೈ ಹಿಡಿದ. “ದೇಪಣ್ಣ, ಯಾರೋ ಏನೋ ಅಂದ ಹಾಗಾಯಿತಲ್ಲ?”

“ಇಲ್ಲ ಪ್ರಭು. ಗದ್ಯ.”

ದೊರೆ ಹೊಟ್ಟೆ ಹಿಡಿದು ನಕ್ಕ. ನಗುತ್ತಲೇ ಪಂಚೆ ಎತ್ತಿ ಕಟ್ಟಿ ಕೆರೆಯ ಕಡೆ ಓಡಿದ. ಸಭೆಯೂ ಹಿಂದೆಯೇ ಓಡಿತು. ಸೇನಾಪತಿ ಮರಳಿನ ಚೀಲ ಹೊತ್ತ, ಅಡುಗೆಯವನು ಹಾರೆ ಹಿಡಿದು ತೂಬು ಬಿಡಿಸಿದ. ಶಾಸ್ತ್ರಿಗಳ ತಲೆಯ ಮೇಲೂ ಮಣ್ಣಿನ ಬುಟ್ಟಿ ಕೂತಿತು. ಗುರು ಬುಟ್ಟಿಯೇ, ದೇಪಣ್ಣ ಆರಿಸಿ ಇಟ್ಟಿದ್ದ. ಸಂಜೆಯ ಹೊತ್ತಿಗೆ ಬಿರುಕು ಮುಚ್ಚಿತು. ಚಳಿಗೆ ಹಲ್ಲು ಕಟಕಟಿಸುತ್ತಿದ್ದ ಮಾದಣ್ಣನನ್ನು ನಾಲ್ಕು ಜನ ಎತ್ತಿ ದಡಕ್ಕೆ ತಂದರು.

ದೊರೆ ತನ್ನ ಕಡಗ ಬಿಚ್ಚಿ ದೇಪಣ್ಣನ ಕೈಗೆ ತೊಡಿಸಿದ. ತನ್ನ ಜರಿಶಾಲನ್ನು ಮಾದಣ್ಣನಿಗೆ ಹೊದಿಸಿದ. ಆಮೇಲೆ ಹೊನ್ನಕ್ಕನ ಕಡೆ ತಿರುಗಿದ.

“ತಾಯಿ, ಓದು ಬರಹ ಇಲ್ಲದೆ ಹದಿನಾರು ಮಾತ್ರೆಯ ಸಾಲು ಹೇಳಿದೆಯಲ್ಲ! ಅದರ ಮುಂದಿನ ಸಾಲನ್ನೂ ಹೇಳಿಬಿಡು, ಕೇಳೋಣ.”

ಹೊನ್ನಕ್ಕ ಗಂಡನ ತಲೆ ಒರೆಸುತ್ತಿದ್ದವಳು ಕತ್ತೆತ್ತಿದಳು.

“ಮುಂದಿನ ಸಾಲು ನೀವೇ ನೋಡಿಕೊಳ್ಳಿ ಬುದ್ಧಿ, ತೂಬಿಗೊಂದು ಹೊಸ ಬಾಗಿಲು ಹಾಕಿಸಿ. ಇಲ್ಲದಿದ್ದರೆ ಬರೋ ಮಳೆಗೂ ನಾನು ಮೊದಲನೇ ಸಾಲನ್ನೇ ಹೇಳಬೇಕಾಗುತ್ತೆ!”