ಜವಳಿ ವರ್ತಕನೂ ಟ್ರೌಟ್ ಮೀನೂ

"ಗುರುಗಳೇ, ದಾರಿ ತೋರಿಸುವವನು ನಿಜವಾಗಿ ದಾರಿ ತೋರಿಸುತ್ತಿದ್ದಾನೋ, ಒಳ್ಳೆಯದನ್ನೆಲ್ಲ ಬೇರೆಯವರಿಗೆ ಎತ್ತಿಟ್ಟು ನಮ್ಮನ್ನು ಸುಮ್ಮನೆ ಸುತ್ತಾಡಿಸುತ್ತಿದ್ದಾನೋ, ತಿಳಿಯುವುದು ಹೇಗೆ?"

ಕೇಳಿದವನು ಒಂಬತ್ತು ವರ್ಷದಿಂದ ಜೊತೆಗಿದ್ದ ಶಿಷ್ಯ. ಅವನ ನಂತರ ಬಂದ ಇಬ್ಬರು ಆಗಲೇ ಮುಂದಿನ ಪಾಠಕ್ಕೆ ಹೋಗಿದ್ದರು. ಪ್ರಶ್ನೆಯಲ್ಲಿ ಯಾರ ಹೆಸರೂ ಇರಲಿಲ್ಲ. ಯಾರ ಮೇಲಿನ ಪ್ರಶ್ನೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಗುರುವಿಗೆ ಸಿಟ್ಟು ಬರಲಿಲ್ಲ. ಕತೆ ಹೇಳುವುದೆಂದರೆ ಅವರಿಗೆ ಹಬ್ಬದೂಟ. ಗೋಡೆಗೆ ಒರಗಿ ಕೂತರು.

"ಒಬ್ಬ ಜವಳಿ ವರ್ತಕ. ನಲವತ್ತು ವರ್ಷ ಅಂಗಡಿಯಲ್ಲಿ ಕೂತು ಒಂದು ಗೇಣು ಬಟ್ಟೆಗೂ ಮೋಸ ಹೋದವನಲ್ಲ. ಅಂಥವನು ಒಂದು ಮೀನು ಹಿಡಿಯಲು ಹೋಗಿ ಬರಿಗೈಯಲ್ಲಿ ಬಂದ. ಏನಾಗಿರಬಹುದು, ಊಹಿಸು ನೋಡೋಣ."

ದಾರ ಹರಿಯಿತೇ ಎಂದ ಶಿಷ್ಯ. ಇಲ್ಲ ಎಂದರು. ನದಿಯಲ್ಲಿ ಮೀನೇ ಇರಲಿಲ್ಲವೇ ಎಂದ. ಬೇಕಾದಷ್ಟಿದ್ದವು, ಕೇಳು ಎಂದು ಗುರು ಕತೆ ಹಿಡಿದರು.

ಆ ವರ್ತಕ ಕಾಲೇಜಿನಲ್ಲಿದ್ದಾಗ ಹಾಸ್ಟೆಲಿನ ಕ್ಯಾಲೆಂಡರಿನಲ್ಲಿ ಒಂದು ಚಿತ್ರ ನೋಡಿದ್ದ. ಬೆಟ್ಟದ ಹೊಳೆ, ಮಂಡಿಯುದ್ದ ನೀರು, ಅದರಲ್ಲಿ ನಿಂತವನ ಕೈಯಲ್ಲಿ ಚುಕ್ಕೆಚುಕ್ಕೆಯ ಟ್ರೌಟ್ ಮೀನು. ಹಾಗೆ ಒಂದೇ ಒಂದನ್ನು ತಾನೂ ಹಿಡಿದು, ಕಣ್ತುಂಬ ನೋಡಿ, ನೀರಿಗೆ ಬಿಡಬೇಕೆಂಬ ಆಸೆ ಅಂದೇ ಹುಟ್ಟಿತು. ಅಂಗಡಿ, ಸಂಸಾರ, ಮಕ್ಕಳ ಮದುವೆ ಎನ್ನುತ್ತ ಅರವತ್ತಾರು ತುಂಬಿತು, ಎರಡೂ ಮಂಡಿ ಸವೆದವು. ಬರುವ ತಿಂಗಳು ಆಪರೇಷನ್. ಆಮೇಲೆ ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಡುವ ಮಾತೇ ಬೇಡ ಎಂದರು ಡಾಕ್ಟರು. ಹೋದರೆ ಈಗ, ಇಲ್ಲವಾದರೆ ಈ ಜನ್ಮಕ್ಕಿಲ್ಲ. ಗಡಿಬಿಡಿಯಲ್ಲಿ ಹಿಮಾಲಯದ ಒಂದು ನದಿಗೆ ಹೋದ. ಮೀನು ಹಿಡಿಯಲು ಅಪ್ಪಣೆಯಿದ್ದದ್ದು ಇನ್ನೊಂದೇ ದಿನ. ಮರುದಿನದಿಂದ ಚಳಿಗಾಲ ಕಳೆಯುವ ತನಕ ಗಾಳ ಹಾಕುವಂತಿಲ್ಲ.

ಅಲ್ಲಿ ಗೈಡ್ ಇಲ್ಲದೆ ಯಾರೂ ನದಿಗೆ ಇಳಿಯುವುದಿಲ್ಲ. ಇವನಿಗೆ ಸಿಕ್ಕಿದವನು ಮಾತು ಕಡಿಮೆಯ ಬೆಟ್ಟದ ಮನುಷ್ಯ. ಮಾತು ಕಡಿಮೆಯವರನ್ನು ಕಂಡರೆ ವರ್ತಕನಿಗೆ ಆಗದು. ಬಟ್ಟೆ ಕೊಳ್ಳುವಾಗ ಬಟ್ಟೆಯನ್ನಲ್ಲ, ಅಳೆಯುವವನ ಹೆಬ್ಬೆರಳನ್ನು ನೋಡಬೇಕೆಂದು ಅವನ ತಂದೆ ಕಲಿಸಿದ್ದರು. ನೋಡಿಕೊಂಡೇ ಬದುಕಿದ್ದ.

ಟ್ರೌಟಿಗೆ ಎರೆಹುಳ ಕಟ್ಟುವುದಿಲ್ಲ. ಪುಟ್ಟ ಕೊಕ್ಕೆಗೆ ಪುಕ್ಕ, ನೂಲು ಸುತ್ತಿ ನೊಣದ ಹಾಗೆ ಮಾಡುತ್ತಾರೆ. ಅದು ನೀರಿನ ಮೇಲೆ ತೇಲಿ ಬರಬೇಕು. ಮೀನು ಮೇಲೆದ್ದು ಬಾಯಿ ಹಾಕುತ್ತದೆ, ಸುಳ್ಳು ನೊಣ ಎಂದು ತಿಳಿದ ಕೂಡಲೇ ಉಗುಳುತ್ತದೆ. ನಡುವೆ ಸಿಗುವುದು ರೆಪ್ಪೆ ಬಡಿಯುವಷ್ಟು ಹೊತ್ತು; ಅಷ್ಟರಲ್ಲಿ ಗಾಳದ ಕೋಲು ಎತ್ತಬೇಕು. ಗೈಡ್ ಇದನ್ನೆಲ್ಲ ಒಂದು ಸಲ ಹೇಳಿಕೊಟ್ಟು ಸುಮ್ಮನಾದ.

ವರ್ತಕನ ಅನುಮಾನ ದಡದಲ್ಲೇ ಶುರುವಾಯಿತು. ಡಬ್ಬಿಯಲ್ಲಿ ಕೆಂಪು, ಹಳದಿ ಪುಕ್ಕದ ದಪ್ಪ ದಪ್ಪ ನೊಣಗಳಿದ್ದವು. ಗೈಡ್ ನೀರಿನ ಕಲ್ಲೊಂದನ್ನು ಮಗುಚಿ, ಅಡಿಯಲ್ಲಿ ಅಂಟಿದ ಹುಳ ನೋಡಿ, ಕಲ್ಲನ್ನು ಇದ್ದ ಹಾಗೇ ಇಟ್ಟು, ಬೂದಿ ಬಣ್ಣದ ಎಳ್ಳಿನಷ್ಟು ನೊಣ ಆರಿಸಿದ. ಒಳ್ಳೆಯವು ಯಾರಿಗೋ ಉಳಿದವು ಎಂದುಕೊಂಡ ವರ್ತಕ. ಸಾಲದ್ದಕ್ಕೆ ಗೈಡ್, ಮೀನು ಕಳಚಿಕೊಳ್ಳದಂತೆ ಹಿಡಿಯುವ ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿದ. ಬಿಡುವ ಮೀನಿಗೆ ಬಾಯಿ ಹರಿಯಬಾರದಂತೆ. ಇವನು ನನ್ನ ಕಡೆಯವನೋ, ಮೀನಿನ ಕಡೆಯವನೋ?

ದಾರಿಯಲ್ಲಿ ಹಸಿರು ಬಣ್ಣದ ದೊಡ್ಡ ಮಡು ಬಂತು. ಒಳಗೆ ಮೀನು ಹೊರಳಿದ್ದು ವರ್ತಕನಿಗೇ ಕಂಡಿತು. ಗೈಡ್ ನಿಲ್ಲಲಿಲ್ಲ. ಕೇಳಿದರೆ, ಬಿಸಿಲು ಬೆನ್ನಿಗಿದೆ, ನಮ್ಮ ನೆರಳು ಬಿದ್ದು ಮೀನು ಓಡುತ್ತದೆ ಎಂದ. ಮುಂದೆ ನೀರಿಗಿಳಿದ ಮೇಲೂ ಪಕ್ಕದಲ್ಲಿ ನಿಲ್ಲದೆ ಎರಡು ಮಾರು ಹಿಂದೆ, ಹರಿವಿನ ಕೆಳದಿಕ್ಕಿಗೆ ನಿಂತ. ಬೆನ್ನ ಹಿಂದೆ ನಿಂತವನ ಕೈ ಕಾಣುವುದು ಹೇಗೆ? ವರ್ತಕ ಗಳಿಗೆಗೊಮ್ಮೆ ತಿರುಗಿ ನೋಡಿದ.

ಒಮ್ಮೆ ಹಾಗೆ ತಿರುಗಿದಾಗ ಗೈಡ್ "ಎತ್ತಿ" ಎಂದ. ಇವನು ಎತ್ತುವಷ್ಟರಲ್ಲಿ ನೊಣ ಖಾಲಿ ತೇಲುತ್ತಿತ್ತು. ಮಧ್ಯಾಹ್ನ ಆಚೆ ದಡದಿಂದ ಯಾರೋ ಸಿಳ್ಳೆ ಹಾಕಿದರು, ಗೈಡ್ ಕೈಯೆತ್ತಿದ. ಏನು ಸನ್ನೆ ಎಂದು ವರ್ತಕ ಕಣ್ಣು ಕಿರಿದು ಮಾಡಿ ಅವನ ಬೆರಳು ನೋಡುತ್ತಿದ್ದಾಗ ಮತ್ತೆ "ಎತ್ತಿ" ಎಂಬ ಕೂಗು. ಮತ್ತೆ ಖಾಲಿ.

ಹೊತ್ತು ಇಳಿಯಿತು. ಮಂಡಿ ಕಿತ್ತು ಬರುವಂತೆ ನೋಯುತ್ತಿತ್ತು. ಇನ್ನು ನಾಲ್ಕು ಎಸೆತ ಎಸೆದರೆ ಹೆಚ್ಚು. ನೊಣ ಒಂದು ಬಂಡೆಯ ಮಗ್ಗುಲಿಗೆ ಬಂತು. "ಸೇಠ್‌ಜಿ, ಎತ್ತಿ!" ವರ್ತಕ ಕೈಯನ್ನು ಬಿಗಿ ಹಿಡಿದ. ಇವನು ಕೂಗಿದಾಗ ಎರಡು ಸಲ ಎತ್ತಿದೆ, ಎರಡು ಸಲವೂ ಏನೂ ಇರಲಿಲ್ಲ. ಮೀನು ಬೆದರಲಿ ಎಂದೇ ಎತ್ತಿಸುತ್ತಿರಬೇಕು. ನಗುತ್ತಿದ್ದಾನೋ ನೋಡೋಣ ಎಂದು ತಿರುಗಿದ. ಗೈಡ್ ನಗುತ್ತಿರಲಿಲ್ಲ. ಈಚೆ ತಿರುಗಿದರೆ ನೀರಿನ ಮೇಲೆ ತಟ್ಟೆಯಗಲದ ಉಂಗುರ ಹರಡುತ್ತಿತ್ತು, ಅಷ್ಟೆ.

ವರ್ತಕನಿಗೆ ಅಳು ಬಂತು, ಬಾಯಿಂದ ಬಂದದ್ದು ಸಿಟ್ಟು. "ಆ ಹಸಿರು ಮಡು ಯಾರಿಗೆ ಎತ್ತಿಟ್ಟಿದ್ದೀಯ, ಈಗಲಾದರೂ ಹೇಳಿಬಿಡು."

ಗೈಡ್ ದಾರ ಸುತ್ತಿಕೊಳ್ಳುತ್ತ ಹೇಳಿದ, "ಮೂರು ಸಲ ಮೀನು ಎದ್ದಿತು, ಸೇಠ್‌ಜಿ. ಮೂರು ಸಲವೂ ನೀವು ನನ್ನನ್ನು ನೋಡುತ್ತಿದ್ದಿರಿ."

ಜೀಪು ಸೇತುವೆ ದಾಟುವಾಗ ವರ್ತಕ ಇಣುಕಿದ. ಹಸಿರು ಮಡುವಿನಲ್ಲಿ ಇನ್ಯಾರೋ ನಿಂತಿದ್ದರು. ಅವರ ಕೋಲು ಬಿಲ್ಲಿನಂತೆ ಬಾಗಿತ್ತು.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕಾದ. ತಡೆಯಲಾರದೆ ಕೇಳಿದ: ಆ ಹೊತ್ತಿಗೆ ಬಿಸಿಲು ಮಗ್ಗುಲು ಬದಲಿಸಿತ್ತು, ಒಪ್ಪಿದೆ, ಆದರೂ ಮಡುವನ್ನು ಬೇಕೆಂದೇ ಅವರಿಗೆ ಉಳಿಸಿದ್ದಿರಬಹುದಲ್ಲ? "ಕೊನೆಗೂ ಆ ಗೈಡ್ ಪ್ರಾಮಾಣಿಕನೋ ಕಳ್ಳನೋ, ನೀವು ಹೇಳಲೇ ಇಲ್ಲ."

"ಆ ವರ್ತಕನೂ ಅದನ್ನೇ ನೋಡುತ್ತ ನೀರಿನಲ್ಲಿ ನಿಂತಿದ್ದನಪ್ಪ, ಉಳಿದಿದ್ದ ಆ ಒಂದೇ ಒಂದು ದಿನವೆಲ್ಲ."