ಪೂಜೆಗಿಟ್ಟ ಕೋಲು

"ಗುರುಗಳೇ, ಪಕ್ಕದ ಮೈದಾನದಲ್ಲಿ ಹಾರಿಸಲು ಕಲಿಸುವ ಮೇಷ್ಟ್ರು ಬರಿಬೆರಳಲ್ಲೇ ಎಂಜಿನ್ ಶುರು ಮಾಡುತ್ತಾರೆ. ಅವರ ಹತ್ತು ಬೆರಳೂ ನೆಟ್ಟಗಿವೆ, ನಾನೇ ಎಣಿಸಿ ಬಂದಿದ್ದೇನೆ. ಹಾಗಿದ್ದಮೇಲೆ ನಮಗೇಕೆ ಈ ಕೋಲು?" ಎಂದು ಶಿಷ್ಯ ಕೇಳಿದ.

ಅವನ ಮುಂದೆ ಎರಡು ಮೊಳ ರೆಕ್ಕೆಯ ಪುಟ್ಟ ಮಾದರಿ ವಿಮಾನವಿತ್ತು. ಅದನ್ನು ಅವನು ಇನ್ನೂ ಒಮ್ಮೆಯೂ ಹಾರಿಸಿರಲಿಲ್ಲ. ಬೆಳಿಗ್ಗೆಯಿಂದ ಗುರುಗಳು ಹೇಳಿಕೊಟ್ಟದ್ದು ಇಷ್ಟೇ: ಬಾಲವನ್ನು ಗೂಟಕ್ಕೆ ಕಟ್ಟು, ಪ್ರೊಪೆಲ್ಲರನ್ನು ರಬ್ಬರು ಸುತ್ತಿದ ಕೋಲಿನಿಂದ ತಿರುಗಿಸು, ಎಂಜಿನ್ ಶುರುವಾದ ಮೇಲೆ ಹಿಂದೆ ಬಂದು ನಿಲ್ಲು. ಶಿಷ್ಯನಿಗೆ ಇದು ಹಾರಿಸುವ ವಿದ್ಯೆಯಂತೆ ಕಾಣಲಿಲ್ಲ. ದನ ಕಟ್ಟುವ ವಿದ್ಯೆಯಂತೆ ಕಂಡಿತು.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಅಕ್ಕಸಾಲಿಗನಿದ್ದ. ಚಿನ್ನದ ಎಳೆಯ ಕುಸುರಿಗೆ ಅವನ ಬೆರಳು ಹೆಸರಾಗಿತ್ತು. ಮನೆಯವರು ಉಣ್ಣುತ್ತಿದ್ದುದು ಆ ಬೆರಳಿನಿಂದ. ಅವನಿಗೆ ಇಂಥ ವಿಮಾನ ಹಾರಿಸುವ ಹುಚ್ಚು. ಆದರೂ ಕೋಲಿಲ್ಲದೆ ಎಂಜಿನ್ ಹತ್ತಿರ ಹೋಗುತ್ತಿರಲಿಲ್ಲ.

ಅವನು ಹಾರಿಸುತ್ತಿದ್ದ ಮೈದಾನಕ್ಕೆ ಒಬ್ಬ ವ್ಯಾಪಾರಿಯೂ ಬರುತ್ತಿದ್ದ. ಅವನು ಪ್ರೊಪೆಲ್ಲರನ್ನು ಬರಿಬೆರಳಲ್ಲಿ ಚಿಮ್ಮುತ್ತಿದ್ದ. ಅದು ತಿರುಗುತ್ತಿರುವಾಗಲೇ ಅದರ ಮೇಲಿಂದ ಕೈಚಾಚಿ, ಎಂಜಿನ್ ಹೊತ್ತಿಸಲು ಸಿಕ್ಕಿಸಿದ್ದ ಬ್ಯಾಟರಿಯ ತಂತಿ ಕಳಚುತ್ತಿದ್ದ. ಏನೂ ಆಗುತ್ತಿರಲಿಲ್ಲ. ಏನೂ ಆಗದಿರುವುದನ್ನು ಜನ ಕೈಚಳಕ ಎಂದು ಕರೆದರು. ಅವನೂ ಒಪ್ಪಿಕೊಂಡ.

ಆಯುಧಪೂಜೆ ಬಂತು. ವಿಮಾನಗಳನ್ನು ಸಾಲಾಗಿ ನಿಲ್ಲಿಸಿ ಕುಂಕುಮ ಹಚ್ಚಿದರು. ವ್ಯಾಪಾರಿ ಅಕ್ಕಸಾಲಿಗನ ಕೋಲನ್ನೂ ಎತ್ತಿ ಮಣೆಯ ಮೇಲಿಟ್ಟು ಹೂ ಮುಡಿಸಿದ.

"ಇದು ಆಚಾರ್ರ ಮನೆದೇವರು. ಇದಕ್ಕೆ ದೊಡ್ಡ ಆರತಿ ಎತ್ರಪ್ಪಾ!"

ಎಲ್ಲರೂ ನಕ್ಕರು. ಅಕ್ಕಸಾಲಿಗನೂ ನಕ್ಕ, ನಗದಿದ್ದರೆ ಅವರು ಇನ್ನಷ್ಟು ನಗುತ್ತಿದ್ದರು.

ಪೂಜೆ ಮುಗಿಯಿತು. ಪೂಜೆಯಾದ ವಾಹನವನ್ನು ಅಂದೇ ಒಂದು ಸುತ್ತು ಓಡಿಸಬೇಕು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟಬಾರದು. ವಿಮಾನ ವಾಹನ, ಕೋಲು ಆಯುಧ ಎಂದು ನೆರೆದವರು ಚರ್ಚೆಯಿಲ್ಲದೆ ತೀರ್ಮಾನಿಸಿದರು. ಇಂಥ ತೀರ್ಮಾನಗಳು ನಮ್ಮಲ್ಲಿ ಎಂದೂ ತಡವಾಗುವುದಿಲ್ಲ.

"ನಾನು ನಾಳೆ ಹಾರಿಸ್ತೀನಿ ಸಾಹುಕಾರ್ರೇ" ಎಂದ ಅಕ್ಕಸಾಲಿಗ.

"ಪೂಜೆ ಆದ ಗಾಡಿ ನಿಲ್ಲಿಸ್ತಾರೇನ್ರೀ? ಅಷ್ಟು ಭಯ ಇದ್ರೆ ಗಾಳಿಪಟ ಹಾರಿಸಿ ಆಚಾರ್ರೇ."

ಅಕ್ಕಸಾಲಿಗ ಕೋಲಿನ ಕಡೆ ನೋಡಿದ. ಅದರ ಮೇಲೆ ಹೂವಿತ್ತು. ಅವನು ವಿಮಾನದ ಮುಂದೆ ಕುಳಿತ. ಅಭ್ಯಾಸಬಲದಿಂದ ಬಾಲ ಕಟ್ಟಿದ. ಗಡಿಬಿಡಿಯಲ್ಲಿ ಎಂಜಿನ್ನಿಗೆ ಇಂಧನ ಹೆಚ್ಚು ಕುಡಿಸಿದ. ಬೆರಳಿಟ್ಟು ಚಿಮ್ಮಿದ. ಎಂಜಿನ್ ಒದೆಯಿತು, ಪ್ರೊಪೆಲ್ಲರ್ ಹಿಂದಕ್ಕೆ ತಿರುಗಿ ಕೈಗೆ ಬಡಿಯಿತು. ಬಲಗೈಯ ಎರಡು ಬೆರಳ ತುದಿಗಳು ಹೋದವು. ಅಷ್ಟು ಕುಂಕುಮದ ನಡುವೆ ರಕ್ತ ಯಾವುದೆಂದು ತಿಳಿಯಲು ಜನರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಅವನನ್ನು ಆಸ್ಪತ್ರೆಗೆ ಸೇರಿಸಿ ಬಂದ ವ್ಯಾಪಾರಿ, "ಚಿಮ್ಮೋದು ಗೊತ್ತಿಲ್ಲದವರು ಕೈ ಹಾಕಬಾರದು" ಎಂದ. ಎಲ್ಲರೂ ತಲೆಯಾಡಿಸಿದರು. ಮರುದಿನ ಶಾಸ್ತ್ರಪ್ರಕಾರ ಕೋಲನ್ನು ಮಣೆಯಿಂದ ಇಳಿಸಿದರು. ಅದು ಬೇಕಾದವರು ಯಾರೂ ಅಲ್ಲಿರಲಿಲ್ಲ. ಅಕ್ಕಸಾಲಿಗ ಈಗ ಅಣ್ಣನ ಅಂಗಡಿಯಲ್ಲಿ ಕುಳಿತು ಬೇರೆಯವರು ಮಾಡಿದ ಒಡವೆ ತೂಗುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕಾದ. ಕತೆಯಲ್ಲಿ ಇನ್ನೊಬ್ಬನಿಗೆ ಬರಬೇಕಾದ ಶಿಕ್ಷೆ ಇನ್ನೂ ಬಂದಿಲ್ಲವೆಂದು ಅವನಿಗೆ ಅನಿಸಿತು.

"ಆ ವ್ಯಾಪಾರಿಗೆ ಕೊನೆಗೆ ಏನಾಯಿತು ಗುರುಗಳೇ?"

"ಏನೂ ಆಗಲಿಲ್ಲ, ಪಕ್ಕದ ಮೈದಾನದಲ್ಲಿ ನೀನು ಎಣಿಸಿ ಬಂದ ಹತ್ತು ಬೆರಳು ಅವನವೇ."